ಸೈರನ್ನಣ್ಣನ ಮನೆಯ ಅಲಾರಂ

ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಕಳ್ಳರ ಅಲಾರಂ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ, ಆ ಗಾದೆಯನ್ನು ಸೈರನ್ನಣ್ಣನನ್ನು ಎದುರಿಗೆ ಕೂರಿಸಿಕೊಂಡೇ ಕಟ್ಟಿದರು ಎಂದು ಯಾರು ಬೇಕಾದರೂ ಆಣೆ ಮಾಡಬಹುದಿತ್ತು.

ಸೈರನ್ನಣ್ಣ ಮನೆಗಳಿಗೆ ಅಲಾರಂ ಕೂರಿಸುವವನು. ಬಾಗಿಲಿಗೊಂದು, ಕಿಟಕಿಗೊಂದು ಬೆಂಕಿಪೊಟ್ಟಣದಷ್ಟು ಗಾತ್ರದ ಬಿಳಿ ಸೆನ್ಸರ್, ಗೋಡೆಯ ಮೇಲೆ ಒಂದು ಪ್ಯಾನೆಲ್, ಸೂರಿನ ಕೆಳಗೆ ಒಂದು ಸೈರನ್. ಬಾಗಿಲು ತೆರೆದರೆ ಸೆನ್ಸರ್ ತಂತಿಯ ಹಂಗಿಲ್ಲದೆ ಪ್ಯಾನೆಲ್‌ಗೆ ಚಾಡಿ ಹೇಳುತ್ತದೆ, ಪ್ಯಾನೆಲ್ ಸೈರನ್‌ಗೆ ಹೇಳುತ್ತದೆ, ಸೈರನ್ ಇಡೀ ಬೀದಿಗೆ ಹೇಳುತ್ತದೆ. ಈ ಚಾಡಿಯ ಸರಪಳಿಯಿಂದಲೇ ಅವನ ಮನೆಯ ಒಲೆ ಇಷ್ಟು ವರ್ಷ ಉರಿದದ್ದು. ಕೆಲಸದಲ್ಲಿ ಅವನು ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರಾದರೂ ಎದುರಿಗೆ ಬಂದು ಏನಾದರೂ ಕೇಳಿದರೆ ‘ಇಲ್ಲ’ ಎನ್ನಲು ಅವನ ನಾಲಿಗೆ ಹೊರಳುತ್ತಿರಲಿಲ್ಲ. ದೇವರು ಅವನಿಗೆ ಬಾಯಿ ಕೊಡುವಾಗ ಆ ಒಂದು ಪದವನ್ನು ಮರೆತೇ ಕಳಿಸಿದ್ದ.

ಅವನು ಈ ಕಸುಬಿಗೆ ಬಂದದ್ದೇ ಹೆಂಡತಿಯ ನಿದ್ದೆಗಾಗಿ. ಮದುವೆಯಾದ ಹೊಸತರಲ್ಲಿ ಅವನು ರೇಡಿಯೋ ರಿಪೇರಿ ಮಾಡುತ್ತಿದ್ದ, ಅವಳು ದೊಡ್ಡ ಬೇಕರಿಯೊಂದರಲ್ಲಿ ಬ್ರೆಡ್ಡು ಸುಡುವ ಕೆಲಸಕ್ಕೆ ಸೇರಿದ್ದಳು. ಬೇಕರಿಯವರ ದಿನ ಕೋಳಿ ಕೂಗುವ ಮುಂಚೆ ಶುರುವಾಗುತ್ತದೆ. ಅವಳು ಕತ್ತಲಿರುವಾಗಲೇ ಹೊರಟು ಮಧ್ಯಾಹ್ನ ಮನೆಗೆ ಬಂದು, ಉಂಡು, ಕರ್ಟನ್ ಎಳೆದು ಮಲಗಬೇಕು. ಬೇರೆಯವರಿಗೆ ಅದು ಮಧ್ಯಾಹ್ನದ ಜೊಂಪು, ಅವಳಿಗೆ ಅದೇ ರಾತ್ರಿ. ಹೀಗೆ ಮಲಗಿದ್ದ ಒಂದು ಮಧ್ಯಾಹ್ನ ಕಳ್ಳ ಹಿತ್ತಿಲ ಬಾಗಿಲು ಮೀಟಿ ಒಳಗೆ ಬಂದ. ಅವಳ ತಲೆದಿಂಬಿನ ಪಕ್ಕದ ಮೇಜಿನ ಮೇಲಿದ್ದ ರೇಡಿಯೋ ಎತ್ತಿಕೊಂಡು ಹೋದ. ಅವಳು ಎದ್ದು ನೋಡಿದರೆ ಮೇಜಿನ ಧೂಳಿನಲ್ಲಿ ರೇಡಿಯೋ ಇದ್ದ ಜಾಗ ಮಾತ್ರ ಚೌಕವಾಗಿ ಫಳಫಳ ಅನ್ನುತ್ತಿತ್ತು.

ರೇಡಿಯೋ ಹೋದದ್ದಕ್ಕೆ ಅವಳು ಅಳಲಿಲ್ಲ. “ಅವನು ನನ್ನ ತಲೆ ಹತ್ರ ನಿಂತಿದ್ದ ಕಣ್ರೀ,” ಎಂದಳು. “ನಾನು ಬಾಯಿ ತೆಕ್ಕೊಂಡು ಮಲಗಿದ್ದೆ, ಅವನು ನಿಂತ್ಕೊಂಡು ನೋಡಿರ್ತಾನೆ.” ಆಮೇಲೆ ಅವಳಿಗೆ ನಿದ್ದೆ ಹತ್ತಲಿಲ್ಲ. ಬೇಕರಿಯಲ್ಲಿ ನಿಂತಲ್ಲೇ ತೂಕಡಿಸಿದಳು, ಮೈಯಿಳಿದು ಕಡ್ಡಿಯಾದಳು. ಆಗ ಅವನು ಎಲ್ಲಿಂದಲೋ ಒಂದು ಅಲಾರಂ ಸೆಟ್ಟು ತಂದು, ಅದರ ಜೊತೆ ಬಂದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಓದಿ, ಎರಡು ಬಾಗಿಲು ಎರಡು ಕಿಟಕಿಗೆ ಕೂರಿಸಿದ. ಅವಳು ಹಾಸಿಗೆಯ ಎದುರಿನ ಪ್ಯಾನೆಲ್ ಮೇಲೆ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಎಲ್ಲಾ ಮುಚ್ಚಿದೆ, ನೀನು ಮಲಗು ಎಂದು ಅದರ ಅರ್ಥ. ಅವಳು ಆ ದೀಪವನ್ನೇ ನೋಡುತ್ತಾ ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಹೆಂಡತಿಯ ಗೊರಕೆ ಕೇಳಿ ಸಂತೋಷದಿಂದ ಕಣ್ಣೊರೆಸಿಕೊಂಡ ಗಂಡ ಲೋಕದಲ್ಲಿ ಅವನೊಬ್ಬನೇ ಇರಬೇಕು. ಅಕ್ಕಪಕ್ಕದವರು ನಮಗೂ ಹಾಕಿಕೊಡಿ ಎಂದರು, ಅವನು ಇಲ್ಲ ಎನ್ನಲಿಲ್ಲ, ಅಷ್ಟೇ. ರೇಡಿಯೋ ರಿಪೇರಿಯವನು ಸೈರನ್ನಣ್ಣ ಆದ.

ಹಾಗೆ ಹಾಕಿಕೊಡುವಾಗಲೆಲ್ಲ ಅವನು ಎದೆ ತಟ್ಟಿ ಒಂದು ಮಾತು ಹೇಳುತ್ತಿದ್ದ: “ನಾನಿರೋ ತನಕ ನಿಮ್ಮ ಪ್ಯಾನೆಲ್ ಸಾಯೋದಿಲ್ಲ.” ಮಾತು ಕೊಡುವುದು ಸುಲಭ. ಕೊಟ್ಟ ಮಾತಿಗೆ ಬಿಡಿಭಾಗ ಎಲ್ಲಿಂದ ತರುವುದು?

ಕಂಪನಿಯವರು ಹಳೆಯ ಸರಣಿಯನ್ನು ನಿಲ್ಲಿಸಿ ಹೊಸ ಸರಣಿ ತಂದರು. ಹಳೆಯ ಸೆನ್ಸರ್ ಕೂಗಿ ಸುಮ್ಮನಾಗುವ ಜಾತಿ. ಬಾಗಿಲು ತೆರೆಯಿತು ಎಂದು ಒಮ್ಮೆ ಅರಚಿ, ಯಾರಿಗಾದರೂ ಕೇಳಿಸಿತೋ ಬಿಟ್ಟಿತೋ ಎಂದು ತಿರುಗಿಯೂ ನೋಡದೆ ಮಲಗಿಬಿಡುತ್ತದೆ. ಹೊಸದು ಹಾಗಲ್ಲ. ಅದು ಗುಟ್ಟಿನ ಭಾಷೆಯಲ್ಲಿ ಹೇಳುತ್ತದೆ, ಕೇಳಿಸಿತು ಎಂದು ಪ್ಯಾನೆಲ್ ಮರುತ್ತರ ಕೊಡುವ ತನಕ ಕಾಯುತ್ತದೆ, ಕೊಡದಿದ್ದರೆ ಮತ್ತೆ ಹೇಳುತ್ತದೆ. ಹೊಸ ಸೆನ್ಸರ್ ಏನು ಹೇಳಿದರೂ ಹಳೆಯ ಪ್ಯಾನೆಲ್‌ಗೆ ತಲೆಬುಡ ತಿಳಿಯದು. ಹಳೆಯ ಸೆನ್ಸರ್ ಎಷ್ಟು ಅರಚಿದರೂ ಹೊಸ ಪ್ಯಾನೆಲ್ ಅದನ್ನು ಬೀದಿಯ ಗದ್ದಲ ಎಂದು ತಳ್ಳಿಹಾಕುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಸೆನ್ಸರ್ ಸತ್ತರೆ ಇಡೀ ಸೆಟ್ಟನ್ನೇ ಬದಲಾಯಿಸಬೇಕು, ಇಲ್ಲವೇ ಯಾರದ್ದಾದರೂ ಹಳೆಯದು ಸಿಗಬೇಕು.

ಮೊದಲು ಬಂದವರು ಬೆಕ್ಕಿನ ಮೇಷ್ಟ್ರು. ಪಾಠ ಹೇಳುವುದನ್ನು ಬಿಟ್ಟ ಮೇಲೆ ಬೆಕ್ಕು ಸಾಕುವುದನ್ನು ಹಿಡಿದುಕೊಂಡವರು.

“ಸೈರನ್ನಣ್ಣಾ, ನಮ್ಮ ಕಿಟಕಿ ಸೆನ್ಸರ್ ಸತ್ತೋಗಿದೆ. ನೀನು ಮಾತು ಕೊಟ್ಟಿದ್ದೆ.”

“ಮೇಷ್ಟ್ರೇ, ಆ ಮಾಡಲ್ ಈಗ…”

“ಬರಲ್ಲ ಅಂತೀಯಾ? ಬೇರೆ ಫಿಟ್ಟರ್‌ಗಳು ಅದನ್ನೇ ಅಂದ್ರು. ನಾನಂದೆ, ನಮ್ಮ ಸೈರನ್ನಣ್ಣ ಹಾಗೆಲ್ಲ ಅನ್ನೋನಲ್ಲ.”

ಇಷ್ಟು ಹೊಗಳಿದ ಮೇಲೆ ಅವನು ನೆಲದ ಮೇಲೆ ನಿಲ್ಲುವುದುಂಟೇ? ನಾಳೆ ಹಾಕಿಕೊಡ್ತೀನಿ ಎಂದ. ಮಾರನೆಯ ಬೆಳಿಗ್ಗೆ ಹೆಂಡತಿ ಬೇಕರಿಯಲ್ಲಿರುವಾಗ ತನ್ನದೇ ಅಡುಗೆಮನೆಯ ಕಿಟಕಿಯ ಸೆನ್ಸರ್ ಬಿಚ್ಚಿದ. ಅದನ್ನು ಮೇಷ್ಟ್ರ ಕಿಟಕಿಗೆ ಹಾಕಿ, ಮೇಷ್ಟ್ರ ಸತ್ತ ಸೆನ್ಸರನ್ನು ತಂದು ತನ್ನ ಕಿಟಕಿಗೆ ಅಂಟಿಸಿದ. ಹೊರಗಿನಿಂದ ನೋಡಿದರೆ ಅವಳಿ ಜವಳಿ. ಆದರೆ ಪ್ಯಾನೆಲ್ ಬೆಪ್ಪಲ್ಲ, ಸೆನ್ಸರ್ ಆಗಾಗ ಹಾಜರಿ ಹಾಕದಿದ್ದರೆ ಅದಕ್ಕೆ ಗೊತ್ತಾಗುತ್ತದೆ. ಅಡುಗೆಮನೆ ಕಿಟಕಿ ಎಲ್ಲಿ ಎಂದು ಹಳದಿ ದೀಪ ಮಿಟುಕಿಸಿ ಕೇಳಿತು. ಅಲಾರಂಗೆ ಎರಡು ಕೋಡ್ ಇರುತ್ತವೆ. ಮನೆಯವರ ಕೋಡ್ ಒತ್ತಿದರೆ ಹಾಕಬಹುದು, ತೆಗೆಯಬಹುದು. ಫಿಟ್ಟರ್ ಕೋಡ್ ಒತ್ತಿದರೆ ಪ್ಯಾನೆಲ್‌ನ ನೆನಪಿಗೇ ಕೈ ಹಾಕಬಹುದು. ಅವನು ಫಿಟ್ಟರ್ ಕೋಡ್ ಒತ್ತಿ, ಅಡುಗೆಮನೆಗೆ ಕಿಟಕಿ ಇತ್ತು ಎಂಬುದನ್ನೇ ಅದರ ನೆನಪಿನಿಂದ ಅಳಿಸಿದ. ಪ್ಯಾನೆಲ್ ಸಮಾಧಾನವಾಗಿ ಹಸಿರಾಯಿತು. ಒಂದು ಕಿಟಕಿ ತಾನೇ, ಎಲ್ಲಿಂದಾದರೂ ಹಳೆಯ ಸೆನ್ಸರ್ ಹುಡುಕಿ ಹಾಕಿದರಾಯಿತು ಎಂದುಕೊಂಡ.

ಆಮೇಲೆ ಹಲ್ಲಿನ ಡಾಕ್ಟರಮ್ಮ ಬಂದರು. ಮಲಗುವ ಕೋಣೆಯ ಕಿಟಕಿ ಹೋಯಿತು. ಡಾಕ್ಟರಮ್ಮನ ಸತ್ತ ಸೆನ್ಸರ್ ಮೇಲೆ ನಗುವ ಹಲ್ಲಿನ ಚಿತ್ರ ಅಂಟಿತ್ತು, ಎಷ್ಟು ಕೆರೆದರೂ ಅರ್ಧ ನಗು ಉಳಿಯಿತು. ಹೇಗೂ ಕರ್ಟನ್ ಇದೆಯಲ್ಲ ಎಂದು ಬಿಟ್ಟ. ಆಮೇಲೆ ಸೈಕಲ್ ಅಂಗಡಿಯವನು ಬಂದ, ಹಿತ್ತಿಲ ಬಾಗಿಲು ಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸೈರನ್ನಣ್ಣ ತನ್ನ ಮನೆಯನ್ನು ತಾನೇ ಕಳ್ಳತನ ಮಾಡುತ್ತಿದ್ದ. ಹುಡುಕುವ ಸೆನ್ಸರ್ ಮಾತ್ರ ಎಲ್ಲೂ ಸಿಗಲಿಲ್ಲ.

ಹಿತ್ತಿಲ ಬಾಗಿಲು ಹೋದ ಮೇಲೆ ಅವನಿಗೆ ಹಳೆಯದೆಲ್ಲ ನೆನಪಾಯಿತು. ಕಳ್ಳ ಬಂದದ್ದೇ ಆ ಬಾಗಿಲಿಂದ. ಹೆಂಡತಿ ದಿನವೂ ಗುಂಡಿ ಒತ್ತಿ, ಹಸಿರು ದೀಪ ನೋಡಿ, ನೆಮ್ಮದಿಯಾಗಿ ಮಲಗುತ್ತಿದ್ದಳು. ಅವನು ಮಧ್ಯಾಹ್ನದ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟ. ಅವಳು ಮಲಗುವ ಹೊತ್ತಿಗೆ ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂರುವನು. ಸ್ವಲ್ಪ ಹೊತ್ತಿಗೆ ಎದ್ದು ಮನೆಯ ಪಕ್ಕದ ಸಂದಿಯಲ್ಲಿ ಹಾದು ಹಿತ್ತಿಲ ಬಾಗಿಲನ್ನು ನೋಡಿ ಬರುವನು. ಮತ್ತೆ ಮೆಟ್ಟಿಲು, ಮತ್ತೆ ಹಿತ್ತಿಲು. ಗಾಣದೆತ್ತಿಗಾದರೂ ನಡುವೆ ಮೇವು ಸಿಗುತ್ತದೆ, ಇವನಿಗೆ ಅದೂ ಇಲ್ಲ.

ಇದನ್ನು ಗೋಡೆಯಾಚೆಯಿಂದ ದಿನವೂ ನೋಡುತ್ತಿದ್ದವರು ಪಕ್ಕದ ಮನೆಯ ನರ್ಸಮ್ಮ. ಆಸ್ಪತ್ರೆ ಬಿಟ್ಟು ವರ್ಷಗಳಾಗಿದ್ದರೂ ರೋಗ ಹುಡುಕುವ ಚಟ ಅವರನ್ನು ಬಿಟ್ಟಿರಲಿಲ್ಲ. ಒಂದು ಸಂಜೆ ಬಟ್ಟೆ ಒಣಹಾಕುತ್ತಿದ್ದ ಇವನ ಹೆಂಡತಿಯನ್ನು ಕರೆದರು.

“ನಿಮ್ಮ ಯಜಮಾನರಿಗೆ ಶುಗರ್ ಎಷ್ಟಿದೆ?”

“ಶುಗರ್ರಾ? ಅವರಿಗೆಲ್ಲಿ ಶುಗರ್ರು?”

“ಮತ್ತೆ ಮಧ್ಯಾಹ್ನ ಮನೆ ಸುತ್ತ ನಡೀತಾನೇ ಇರ್ತಾರಲ್ಲ? ನಿಮ್ಮ ಹತ್ರ ಮುಚ್ಚಿಟ್ಟಿದಾರೆ ನೋಡಿ. ಗಂಡಸ್ರು ಹಾಗೇ.”

ಹೆಂಡತಿ ಒಳಗೆ ಬಂದು, “ನೀವು ನನ್ನ ಹತ್ರ ಏನೋ ಮುಚ್ಚಿಡ್ತಿದೀರಂತೆ?” ಎಂದಾಗ ಸೈರನ್ನಣ್ಣನ ಕೈಯಲ್ಲಿದ್ದ ಲೋಟ ಅರ್ಧ ಚೆಲ್ಲಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಆಮೇಲೆ ಅವಳು ಶುಗರ್ ವಿಷಯ ಎತ್ತಿದಾಗ ಅವನಿಗೆ ಹೋದ ಜೀವ ಬಂತು. “ಹೂಂ, ಸ್ವಲ್ಪ ಇರಬಹುದು,” ಎಂದುಬಿಟ್ಟ. ಅವತ್ತಿನಿಂದ ಅವನ ಟೀಗೆ ಸಕ್ಕರೆ ಬಂದ್. ಇಲ್ಲದ ರೋಗಕ್ಕೆ ಪಥ್ಯ ಮಾಡುವ ಪಾಡು ಅವನದಾಯಿತು.

ಮುಂಬಾಗಿಲೊಂದು ಉಳಿದಿತ್ತು. ಅದನ್ನು ಪ್ರಾಣ ಹೋದರೂ ಯಾರಿಗೂ ಕೊಡುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ್ದ. ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. ಅತ್ತಿಗೆ ಎಂದರೆ ಹೆಂಡತಿಯ ಅಕ್ಕ. ಆಕೆಯ ನಾಲಿಗೆಯ ಮುಂದೆ ಯಾವ ಸೈರನ್ನೂ ಸಪ್ಪೆ.

“ಏನ್ರೀ ಸೈರನ್ ಸಾಹೇಬ್ರೇ, ಊರೋರ ಮನೆಗೆಲ್ಲ ಹೋಗ್ತೀರಂತೆ, ನಮ್ಮನೆ ಬಾಗಿಲು ಸತ್ತು ಎಷ್ಟು ದಿನ ಆಯ್ತು? ನಾವೇನು ಬೇರೆಯವರಾ?”

“ಅತ್ತಿಗೆ, ಆ ಮಾಡಲ್ ಈಗ…”

“ಸೈಕಲ್ ಅಂಗಡಿಯವನಿಗೆ ಸಿಕ್ಕಿದ್ದು ನನಗೆ ಸಿಗಲ್ವಾ? ಸರಿ ಬಿಡಿ, ತಂಗಿಗೇ ಫೋನ್ ಮಾಡ್ತೀನಿ.”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ತಂಗಿಗೆ ಫೋನ್ ಮಾಡಿದರೆ ಸೈಕಲ್ ಅಂಗಡಿಯವನಿಗೆ ಎಲ್ಲಿಂದ ಸಿಕ್ಕಿತು ಎಂಬ ಮಾತು ಬರುತ್ತದೆ. ಶಪಥ ಅಲ್ಲಿಗೆ ಮುಗಿಯಿತು. ಮಾರನೆಯ ಬೆಳಿಗ್ಗೆ ಮುಂಬಾಗಿಲ ಸೆನ್ಸರ್ ಅತ್ತಿಗೆಯ ಮನೆಗೆ ಹೋಯಿತು, ಅತ್ತಿಗೆಯ ಸತ್ತ ಸೆನ್ಸರ್ ಇವನ ಬಾಗಿಲಿಗೆ ಬಂತು, ಬಾಗಿಲಿನ ನೆನಪು ಪ್ಯಾನೆಲ್‌ನಿಂದ ಹೋಯಿತು. ಈಗ ಪ್ಯಾನೆಲ್‌ಗೆ ಚಾಡಿ ಹೇಳುವವರು ಒಬ್ಬರೂ ಉಳಿಯಲಿಲ್ಲ. ಹೇಳುವವರೇ ಇಲ್ಲದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆ ಹಸಿರು ದೀಪ ಹಿಂದೆಂದೂ ಅಷ್ಟು ನಿಶ್ಚಿಂತೆಯಿಂದ ಉರಿದಿರಲಿಲ್ಲ. ಹೆಂಡತಿ ಅದರ ಕೆಳಗೆ ನಿಶ್ಚಿಂತೆಯಿಂದ ಮಲಗಿದಳು. ಅವನು ಬಿಸಿಲಿನಲ್ಲಿ ಮನೆ ಸುತ್ತಿದ. ಕೂಗಲಾರದ ಬಾಗಿಲು ಕೂಗೀತೆಂದು ಹೆದರಿದವನ ಹಾಗೆ, ಅವಳು ಏಳುವ ತನಕ ಹೊರಗೇ ಕಾದ. ಕಳ್ಳನಿಗಿಲ್ಲದ ಅಡ್ಡಿ ಮನೆಯ ಯಜಮಾನನಿಗೆ.

ಬೇಕರಿಯ ವಾರದ ರಜೆಯ ದಿನ ಹೆಂಡತಿ ಅಕ್ಕನ ಮನೆಗೆ ಹೋದಳು. ಅಕ್ಕ ಕದ ತೆಗೆದಳು, ಇವಳು ಚಪ್ಪಲಿ ಬಿಡುತ್ತಾ ಬಾಗಿಲ ಚೌಕಟ್ಟಿಗೆ ಕೈಯೂರಿದಳು. ಕಣ್ಣೆದುರಿಗೇ ಸೆನ್ಸರ್. ಅದರ ಅಂಚಿನಲ್ಲಿ ಬೇಳೆಕಾಳಿನಷ್ಟು ನೀಲಿ ಬಣ್ಣ. ಅಕ್ಕನ ಮನೆಯ ಬಾಗಿಲು ಕಂದು. ನೀಲಿ ಬಾಗಿಲು ಇರುವುದು ಇವಳ ಮನೆಯಲ್ಲಿ. ಆ ಬಣ್ಣ ಬಳಿದವಳು ಇವಳೇ, ಸೆನ್ಸರ್ ಮೇಲೆ ಹನಿ ಬೀಳಿಸಿ ಗಂಡನಿಂದ ಬೈಸಿಕೊಂಡವಳೂ ಇವಳೇ.

“ಇದನ್ನ ಯಾವಾಗ ಹಾಕಿಕೊಟ್ರು?” ಎಂದು ಕೇಳಿದಳು.

“ಮೊನ್ನೆ ಮೊನ್ನೆ. ಎಲ್ಲೂ ಸಿಗಲ್ವಂತೆ ಅದು, ನನಗೋಸ್ಕರ ಹುಡುಕಿ ತಂದ್ರಂತೆ. ಏನೇ ಅನ್ನು, ನಿನ್ನ ಗಂಡ ಬಂಗಾರ.”

ಬಂಗಾರ ಆ ಹೊತ್ತಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಸಕ್ಕರೆಯಿಲ್ಲದ ಟೀ ಕುಡಿಯುತ್ತಿತ್ತು. ಅವಳು ಗೇಟು ತೆಗೆದು ಬಂದ ರೀತಿಯಲ್ಲೇ ಅವನಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಯಿತು.

“ಒಳಗೆ ಬನ್ನಿ,” ಎಂದಳು.

ಅವಳು ಪ್ಯಾನೆಲ್‌ನ ಗುಂಡಿ ಒತ್ತಿದಳು. ಹಸಿರು ದೀಪ. ನೆಟ್ಟಗೆ ಹೋಗಿ ಮುಂಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಮನೆ ಸುಮ್ಮನಿತ್ತು. ಹಿತ್ತಿಲ ಬಾಗಿಲು ತೆರೆದಳು. ಬೇಲಿಯ ಮೇಲಿದ್ದ ಗುಬ್ಬಿ ಕೂಗಿತು, ಸೈರನ್ ಕೂಗಲಿಲ್ಲ. ಅಡುಗೆಮನೆಯ ಕಿಟಕಿ ತೆರೆದು ಅಲ್ಲಿನ ಸೆನ್ಸರನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದಕ್ಕೆ ಬೆಕ್ಕಿನ ಕೂದಲು ಅಂಟಿದೆ. ನಮ್ಮನೇಲಿ ಬೆಕ್ಕಿಲ್ಲ.”

ಮಲಗುವ ಕೋಣೆಯ ಕರ್ಟನ್ ಸರಿಯಿತು. ಅರ್ಧ ಹಲ್ಲು ಅರ್ಧ ನಗು ನಗುತ್ತಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳು ಹಾಸಿಗೆಯ ಮೇಲೆ ಕೂತಳು.

“ಎಷ್ಟು ದಿನದಿಂದ?”

“ಒಂದೊಂದೇ ಹೋಯ್ತು. ಹಳೇದು ಸಿಕ್ಕಿದ ತಕ್ಷಣ ತಂದು ಹಾಕೋಣ ಅಂತಿದ್ದೆ. ಕೇಳ್ಕೊಂಡು ಬಂದವರಿಗೆ ಹೇಗೆ ಇಲ್ಲ ಅನ್ನೋದು ಹೇಳು? ನಾನು ಸುಮ್ನೆ ಇರ್ಲಿಲ್ಲ ಕಣೇ. ದಿನಾ ಮಧ್ಯಾಹ್ನ ಹೊರಗೆ ಕಾವಲು ಕೂತಿರ್ತಿದ್ದೆ. ಹಿತ್ತಿಲಿಗೂ ಹೋಗಿ ಹೋಗಿ ನೋಡ್ತಿದ್ದೆ.”

“ಅಂದ್ರೆ ಶುಗರ್ ಇಲ್ಲ.”

“ಇಲ್ಲ.”

ಈ ಒಂದು ‘ಇಲ್ಲ’ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ. ಬರಬೇಕಾದ ಕಡೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವಳು ಪ್ಯಾನೆಲ್ ಕಡೆ ಕೈ ತೋರಿಸಿದಳು. “ನಾನು ಆ ದೀಪ ನೋಡ್ಕೊಂಡು ಮಲಗ್ತಿದ್ದೆ. ಅದು ಸುಳ್ಳು ಹೇಳಲ್ಲ ಅಂತ ಮಲಗ್ತಿದ್ದೆ. ಅವತ್ತು ಕಳ್ಳ ಬಾಗಿಲು ಮೀಟಿ ಬಂದ. ನೀವು ಕೋಡ್ ಒತ್ತಿ ಬಂದ್ರಿ.”

ನೂರು ಮನೆ ಕಾಯುವವನ ಹೆಂಡತಿಯ ನಿದ್ದೆಯನ್ನು ಅವನೇ ಕದ್ದಿದ್ದ. ನಾಚಿಕೆಯಿಂದ ಮೈಯೆಲ್ಲ ಬೆಂದಂತಾಯಿತು.

ಅವತ್ತಿನಿಂದ ಅವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮಧ್ಯಾಹ್ನ ಕರ್ಟನ್ ಎಳೆದು ಮಲಗುವಳು, ಕಣ್ಣು ತೆರೆದೇ ಇರುವುದು. ಗಾಳಿಗೆ ಕಿಟಕಿ ಅಲುಗಿದರೆ ಎದ್ದು ಕೂರುವಳು. ಅವನು, “ಹೊರಗೆ ಕೂತಿದ್ದೀನಿ, ಮಲಗು,” ಎಂದರೆ, “ನೀವು ಹೊರಗೆ ಕೂತಿದ್ದಾಗಲೇ ಅಲ್ವಾ ಇಷ್ಟೆಲ್ಲಾ ಆಗಿದ್ದು?” ಎನ್ನುವಳು. ಸ್ವಲ್ಪ ದಿನಕ್ಕೆ ಬೇಕರಿಯಲ್ಲಿ ಒಂದಿಡೀ ಭಟ್ಟಿ ಬನ್ನು ಕರಕಲಾಯಿತು. ಬಿಸಿ ತಟ್ಟೆ ತಾಗಿ ಅವಳ ಮುಂಗೈ ಸುಟ್ಟಿತು. ನರ್ಸಮ್ಮ ಪಟ್ಟಿ ಕಟ್ಟುತ್ತಾ, “ನಿದ್ದೆಗೆಟ್ಟ ಕಣ್ಣು ಇದು. ಹೀಗೇ ಆದ್ರೆ ಮುಂದಿನ ಸಲ ಕೈಯೊಂದೇ ಅಲ್ಲ,” ಎಂದರು. ಅವನು ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದ. ಆ ಪಟ್ಟಿಯನ್ನು ನೋಡಿ ಅವನಿಗೆ ಊಟ ಸೇರಲಿಲ್ಲ.

ಮಾರನೆಯ ದಿನವೇ ಕೆಲಸಕ್ಕೆ ಕೈ ಹಾಕಿದ. ಹೊಸ ಸರಣಿಯ ಸೆನ್ಸರ್‌ಗಳನ್ನು ತಂದ. ಹಳೆಯ ಪ್ಯಾನೆಲ್ ಕಿತ್ತು ಹೊಸದು ಹಾಕುವುದು ಸುಲಭವಾಗಿತ್ತು, ಆದರೆ ಅವಳು ಇಷ್ಟು ವರ್ಷ ನೋಡಿಕೊಂಡು ಮಲಗಿದ ದೀಪವನ್ನು ಕೀಳಲು ಅವನಿಗೆ ಕೈ ಬರಲಿಲ್ಲ. ಹೊಸ ಸೆನ್ಸರ್‌ಗಳ ಗುಟ್ಟಿನ ಮಾತು ಕೇಳಿಸಿಕೊಳ್ಳುವ ಒಂದು ಸಣ್ಣ ಡಬ್ಬಿ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಅದನ್ನು ತಂದು, ಅದರಿಂದ ಹಳೆಯ ಪ್ಯಾನೆಲ್‌ಗೆ ತಂತಿ ಎಳೆದ. ಹೊಸದು ಹೇಳುತ್ತದೆ, ಡಬ್ಬಿ ಕೇಳಿಸಿಕೊಂಡು ಸರಿ ಎನ್ನುತ್ತದೆ, ತಂತಿಯಲ್ಲಿ ಹಳೆಯದನ್ನು ತಿವಿಯುತ್ತದೆ. ಅದಕ್ಕೆ ಅವನು ದುಭಾಷಿ ಎಂದು ಹೆಸರಿಟ್ಟ. ಎರಡು ದಿನ ಒದ್ದಾಡಿದ ಮೇಲೆ ಎತ್ತು ಕೋಣ ಎರಡೂ ಒಂದೇ ದಾರಿ ಹಿಡಿದವು. ಒಂದೊಂದೇ ಬಾಗಿಲು ಕಿಟಕಿ ತೆರೆದು ತೋರಿಸಿದ. ಪ್ರತಿ ಸಲವೂ ಬೀದಿ ಬೆಚ್ಚಿಬೀಳುವಂತೆ ಸೈರನ್ ಕೂಗಿತು. ಮೊದಲೇ ಈ ದುಭಾಷಿಯನ್ನು ಮೇಷ್ಟ್ರ ಮನೆಯಲ್ಲಿ ಹಾಕಬಹುದಿತ್ತು ಎಂದು ಆಗ ಹೊಳೆಯಿತು. ಬುದ್ಧಿ ಎನ್ನುವುದು ಬಸ್ಸು ಹೋದ ಮೇಲೆ ಸ್ಟಾಪಿಗೆ ಬರುವ ಗಿರಾಕಿ.

“ಈಗ ಮಲಗು,” ಎಂದ, ಮೊದಲ ಸಲದಷ್ಟೇ ಹೆಮ್ಮೆಯಿಂದ.

ಅವಳು ಗುಂಡಿ ಒತ್ತಿ ಮಲಗಿದಳು. ಅವನು ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟ. ಗೊರಕೆ ಬರಲಿಲ್ಲ. ಕಿಟಕಿಯ ಕಡೆಯಿಂದ ಅವಳ ದನಿಯೇ ಬಂತು.

“ರೀ, ಆಗ್ತಿಲ್ಲ.”

“ಎಲ್ಲಾ ತೋರಿಸಿದ್ನಲ್ಲ, ಎಲ್ಲಾ ಕೂಗುತ್ತೆ.”

“ಇವತ್ತು ಕೂಗುತ್ತೆ. ನಾಳೆ ಅಕ್ಕ ಫೋನ್ ಮಾಡ್ತಾಳೆ, ನಾಡಿದ್ದು ಮೇಷ್ಟ್ರು ಬರ್ತಾರೆ. ಹಳೇದೋ ಹೊಸದೋ, ಯಾವ ಪ್ಯಾನೆಲ್ ಇದ್ರೇನು? ಅದರ ಬಾಯಲ್ಲಿ ಸುಳ್ಳು ಹೇಳಿಸೋ ನಂಬರು ಯಾರ ಹತ್ರ ಇದೆ?”

ಸೈರನ್ನಣ್ಣ ಕಿಟಕಿಯ ಆಚೆ, ಅವಳು ಈಚೆ. ಅವನಿಗೆ ಆಗ ಅರ್ಥವಾಯಿತು. ಅವನು ಬಾಗಿಲನ್ನು ಸರಿಮಾಡಿದ್ದ, ಕಿಟಕಿಯನ್ನು ಸರಿಮಾಡಿದ್ದ, ಕೆಟ್ಟಿದ್ದ ಭಾಗ ಮಾತ್ರ ಹಾಗೇ ಮೆಟ್ಟಿಲ ಮೇಲೆ ಕೂತಿತ್ತು.

ಫಿಟ್ಟರ್ ಕೋಡನ್ನು ಯಾರಿಗೂ ಹೇಳಬಾರದು. ಆ ಕಸುಬಿನಲ್ಲಿ ಅದು ದೇವರ ಮುಂದಿನ ಆಣೆಗಿಂತ ದೊಡ್ಡದು. ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು ಎಂದು ಇವನೇ ಬೇರೆ ಫಿಟ್ಟರ್‌ಗಳಿಗೆ ಉಪದೇಶ ಮಾಡಿದ್ದ. ಅವನು ಒಳಗೆ ಬಂದು ಪ್ಯಾನೆಲ್ ಮುಂದೆ ನಿಂತ.

“ಬಾ ಇಲ್ಲಿ. ಹೇಗೆ ಬದಲಾಯಿಸೋದು ಅಂತ ತೋರಿಸ್ತೀನಿ. ಹಳೇ ಕೋಡ್ ಒತ್ತು, ಆಮೇಲೆ ನಿನಗೆ ಬೇಕಾದ್ದು ಹಾಕು. ನನಗೆ ಹೇಳ್ಬೇಡ.”

ಅವಳು ಅವನ ಮುಖವನ್ನೇ ನೋಡಿದಳು. “ನಾಳೆ ರಿಪೇರಿ ಬಂದ್ರೆ?”

“ನೀನೇ ಕೂತ್ಕೊಂಡು ಒತ್ತು, ನಾನು ನಿಂತ್ಕೊಂಡು ಹೇಳ್ತೀನಿ. ಈ ಮನೆ ಪ್ಯಾನೆಲ್‌ಗೆ ಇನ್ನು ನೀನೇ ಫಿಟ್ಟರು.”

ಪಟ್ಟಿ ಕಟ್ಟಿದ ಕೈಯಿಂದ ಅವಳು ಹಳೆಯ ಕೋಡ್ ಒತ್ತಿದಳು, ಅವನು ಒಂದೊಂದೇ ಅಂಕಿ ಹೇಳಿಕೊಟ್ಟ. ಹೊಸದನ್ನು ಹಾಕುವಾಗ, “ತಿರುಗಿ ನಿಂತ್ಕೊಳ್ಳಿ,” ಎಂದಳು. ಅವನು ಗೋಡೆಯ ಕಡೆ ಮುಖ ಮಾಡಿದ. ಹಿಂದೆ ಗುಂಡಿಗಳು ಟಿಕ್ ಟಿಕ್ ಎಂದವು. ಕೊನೆಗೆ ಪ್ಯಾನೆಲ್ ಉದ್ದವಾಗಿ ಒಮ್ಮೆ ಕುಂಯ್ ಎಂದಿತು. ಊರಿನ ಅಷ್ಟೂ ಮನೆಗಳ ಪ್ಯಾನೆಲ್ ಅವನ ಬೆರಳಿಗೆ ಬಗ್ಗುತ್ತಿತ್ತು. ತನ್ನ ಮನೆಯದರ ಮುಂದೆ ಅವನು ಈಗ ಬರಿ ಗಂಡ.

“ಇನ್ನೊಂದು ಕೆಲಸ ಇದೆ,” ಎಂದಳು ಅವಳು. “ಎಲ್ಲರ ಮನೆಗೂ ಹೋಗಿ, ಹಳೇದು ಇನ್ನು ಸಿಗಲ್ಲ ಅಂತ ಹೇಳಿ ಬನ್ನಿ. ಅಕ್ಕನಿಗೂ.”

“ಅತ್ತಿಗೆಗೂನಾ?”

“ಅವಳಿಗೇ ಮೊದಲು.”

ಅವನು ದಾರಿಯುದ್ದಕ್ಕೂ ‘ಇಲ್ಲ, ಇಲ್ಲ’ ಎಂದು ಅಭ್ಯಾಸ ಮಾಡುತ್ತಾ ಹೋದ. ಎದುರಿಗೆ ಬಂದ ಸೈಕಲ್ ಅಂಗಡಿಯವನು ಏನೂ ಕೇಳದಿದ್ದರೂ ಇವನು ‘ಇಲ್ಲ’ ಎಂದುಬಿಟ್ಟ. ಅತ್ತಿಗೆ ಒಂದು ಗಂಟೆ ಬೈದರು, ಆಮೇಲೆ ಊಟಕ್ಕೆ ಕೂರಿಸಿದರು. ದುಭಾಷಿಯ ವಿಷಯ ಇವನ ಬಾಯಿಂದ ಕೇಳಿದ ಬೆಕ್ಕಿನ ಮೇಷ್ಟ್ರು ಮಾತ್ರ ಬೈಯಲೂ ಇಲ್ಲ. “ಸಿಗಲ್ಲ ಅಂದ್ರೆ ಮುಂದಿನ ಸಲ ದುಭಾಷಿ ಹಾಕು. ಇದನ್ನ ಮೊದಲೇ ಹೇಳೋಕೇನಾಗಿತ್ತು?” ಎಂದರು. ಅಷ್ಟು ದಿನ ಬೆಟ್ಟದಂತೆ ಕಂಡಿದ್ದು ಕೊನೆಗೆ ಇಷ್ಟೇ ಆಗಿತ್ತು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಮಾರನೆಯ ಮಧ್ಯಾಹ್ನ ಅವಳು ಗುಂಡಿ ಒತ್ತಿ ಮಲಗಿದಳು. ಅವನು ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕೂತ. ಈಗ ಕಾವಲಿನ ಕೆಲಸವಿರಲಿಲ್ಲ, ಆದರೂ ಪೇಪರಿನ ಅಕ್ಷರ ತಲೆಗೆ ಹೋಗಲಿಲ್ಲ. ಕಿವಿ ಮಾತ್ರ ಒಳಗಿತ್ತು. ಏನೂ ಕೇಳಿಸಲಿಲ್ಲ. ಬೀದಿಯ ಬಂಡಿಯೊಂದು ಗಡಗಡ ಎಂದು ಹೋಯಿತು. ಮತ್ತೆ ಏನೂ ಕೇಳಿಸಲಿಲ್ಲ. ಮಲಗಿದಳೋ, ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾಳೋ? ತಡೆಯಲಾರದೆ ಎದ್ದು, ಬೀಗ ತೆಗೆದು, ನೀಲಿ ಬಾಗಿಲನ್ನು ಬೆರಳಗಲ ಸರಿಸಿ ಕಿವಿಯಿಟ್ಟ.

ಸೈರನ್ ಬೀದಿಯ ಎರಡೂ ತುದಿಗೆ ಕೇಳುವಂತೆ ಬೊಬ್ಬೆ ಹೊಡೆಯಿತು. ಮರದ ಮೇಲಿನ ಹಕ್ಕಿಗಳೆಲ್ಲ ಹಾರಿಹೋದವು.

ಹೆಂಡತಿ ಕೈಯಲ್ಲಿ ಪೊರಕೆ ಹಿಡಿದು ಬಾಗಿಲಿಗೆ ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಆಳವಾಗಿ ಮೂಡಿತ್ತು. ಒಳ್ಳೆಯ ನಿದ್ದೆಯಿಂದ ಎದ್ದವರ ಮುಖದಲ್ಲಿ ಮಾತ್ರ ಬೀಳುವ ಗೆರೆ ಅದು.

“ಯಾರದು?”

“ನಾನೇ ಕಣೇ. ನಿದ್ದೆ ಬಂತಾ ಅಂತ ನೋಡೋಕೆ…”

ಅವಳು ಅವನನ್ನು ನೋಡಿದಳು, ಅರಚುತ್ತಿದ್ದ ಸೂರಿನ ಕಡೆ ನೋಡಿದಳು. ಹೆದರಿಕೆಯ ಸುಳಿವೂ ಆ ಮುಖದಲ್ಲಿರಲಿಲ್ಲ. ತುಟಿಯ ಕೊನೆಯಲ್ಲಿ ನಗು ಬಂತು. ಒಳಗೆ ಹೋಗಿ, ಅವನಿಗೆ ಕಾಣದಂತೆ ಪಟ್ಟಿಯ ಕೈ ಅಡ್ಡ ಹಿಡಿದು ಗುಂಡಿ ಒತ್ತಿ ಸೈರನ್ ನಿಲ್ಲಿಸಿದಳು. “ಇನ್ನೊಂದ್ಸಲ ಬಾಗಿಲು ಮುಟ್ಟಿದ್ರೆ ಊಟಾನೂ ಮೆಟ್ಟಿಲ ಮೇಲೇ,” ಎಂದು ಅವನ ಮೂಗಿನ ಮುಂದೆ ಕದ ಹಾಕಿಕೊಂಡಳು. ಒಳಗೆ ಮತ್ತೆ ಅಲಾರಂ ಹಾಕಿದ ಸದ್ದಾಯಿತು.

ಗೋಡೆಯಾಚೆ ನರ್ಸಮ್ಮನ ತಲೆ ಮೂಡಿತು. “ಏನ್ರೀ ಅದು? ಕಳ್ಳ ಸಿಕ್ಕಿದ್ನಾ?”

“ಸಿಕ್ಕಿದ, ನರ್ಸಮ್ಮ.”

“ಪೊಲೀಸಿಗೆ ಫೋನ್ ಮಾಡ್ಲಾ?”

“ಬೇಡ. ಮನೆಯವರೇ ವಿಚಾರಿಸಿಕೊಂಡ್ರು.”

ನರ್ಸಮ್ಮ ಏನೋ ಗೊಣಗುತ್ತಾ ಹೋದರು. ಸೈರನ್ನಣ್ಣ ಮೆಟ್ಟಿಲ ಮೇಲೆ ಕೂತು ಪೇಪರ್ ಬಿಡಿಸಿದ. ಹಾರಿಹೋಗಿದ್ದ ಹಕ್ಕಿಗಳು ಒಂದೊಂದಾಗಿ ಮರಕ್ಕೆ ಮರಳಿದವು. ಅವನು ಮೊದಲ ಪುಟ ಮುಗಿಸುವಷ್ಟರಲ್ಲಿ ಒಳಗಿನಿಂದ ಗೊರಕೆ ಶುರುವಾಯಿತು. ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡು, ಪುಟ ಸದ್ದಾಗದಂತೆ ತಿರುವಿದ.